ಗೇಟಿನಿಂದ ಬಿ ವಿಂಗ್‌ವರೆಗೆ

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪಟಾಕಿ ಹಚ್ಚಬಾರದು ಎಂದು ಮರಾಠಿ, ಇಂಗ್ಲಿಷ್ ಎರಡರಲ್ಲೂ ಟೈಪು ಮಾಡಿಸಿ, ಕೆಳಗೆ ಸೊಸೈಟಿಯ ಮೊಹರು ಒತ್ತಿ, ಸಹಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದವನು ನಾನು. ಅದೇ ವಾರ ಕ್ರಾಫರ್ಡ್ ಮಾರ್ಕೆಟಿಗೆ ಹೋಗಿ ಹತ್ತು ಸಾವಿರದ ಸರ ಪಟಾಕಿ, ಇಲ್ಲಿಯವರ ಬಾಯಲ್ಲಿ ಲಡಿ, ಹೊರಿಸಿಕೊಂಡು ಬಂದವನೂ ನಾನೇ. ಇದು 2011ರ ಮಾತು. ಮುಂಬಯಿಯ ಭಾಂಡುಪಿನ ನಮ್ಮ ಕಟ್ಟಡಕ್ಕೆ ಆಗ ನಾನು ಕಾರ್ಯದರ್ಶಿ. ನೋಟಿಸು ಹಾಕುವುದು ಕಾರ್ಯದರ್ಶಿಯ ಕೆಲಸ, ಹಬ್ಬ ಚೆನ್ನಾಗಿ ಮಾಡಿಸುವುದೂ ಅವನದೇ ಕೆಲಸ. ಎರಡನ್ನೂ ಮನಃಪೂರ್ವಕವಾಗಿ ಮಾಡಿದೆ. ಒಂದು ಇನ್ನೊಂದನ್ನು ಸುಳ್ಳು ಮಾಡುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ನಾನು ಪುತ್ತೂರಿನವನು. ಏಪ್ರಿಲ್ ತಿಂಗಳ ಮಹಾಲಿಂಗೇಶ್ವರ ದೇವರ ಜಾತ್ರೆ, ಬ್ರಹ್ಮರಥದ ರಾತ್ರಿಯ ಬೆಡಿ, ಅಂದರೆ ಸಿಡಿಮದ್ದಿನ ಆಟ, ನೋಡುತ್ತಾ ಬೆಳೆದವನು. ಪುತ್ತೂರು ಬೆಡಿ ಎಂದರೆ ನಮ್ಮ ಕಡೆ ಬೇರೆ ವಿವರಣೆ ಬೇಡ. ದೇವಸ್ಥಾನದ ಎದುರಿಗೆ ದೇವರಮಾರು ಗದ್ದೆ. ಕೊಯ್ಲು ಮುಗಿದು ಒಣಗಿ ಬಿರುಕು ಬಿಟ್ಟ ನೆಲ. ಜನ ದೂರದಲ್ಲಿ ನಿಂತು ತಲೆಯೆತ್ತಿ ನೋಡುವುದು, ಅಪ್ಪನ ಹೆಗಲ ಮೇಲೆ ಕೂತ ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಳ್ಳುವುದು, ಗರ್ನಾಲಿನ ಸದ್ದು ಗದ್ದೆ ದಾಟಿ ಗುಡ್ಡದ ಕಡೆಗೆ ಹೋಗಿ ಕರಗುವುದು. ದೀಪಾವಳಿಯಲ್ಲಾದರೋ ಮನೆಯಲ್ಲಿ ಇಷ್ಟು ಗದ್ದಲವೇ ಇರಲಿಲ್ಲ. ಸಂಜೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುವುದು, ಆಮೇಲೆ ಅಂಗಳದಲ್ಲಿ ಒಂದಿಷ್ಟು ನೆಲಚಕ್ರ, ಸುರುಸುರು ಕಡ್ಡಿ, ಅಷ್ಟೇ. ಮುಂಬಯಿಗೆ ಬಂದು, ಹೊಟೇಲಿನಲ್ಲಿ ದುಡಿದು, ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಒಂದು ನೌಕರಿ ಹಿಡಿದು, ಬಾಡಿಗೆ ಖೋಲಿಗಳನ್ನು ಬದಲಿಸುತ್ತಾ ಕೊನೆಗೆ ಸ್ವಂತ ಫ್ಲ್ಯಾಟ್ ಎಂದು ಆದಾಗ ನನ್ನೊಳಗಿನ ಹುಡುಗನಿಗೆ ಆ ಬೆಡಿ ಬೇಕಾಗಿತ್ತು. ನಾನು ಕಮಿಟಿಗೆ ಬರುವ ಮೊದಲು ನಮ್ಮ ಸೊಸೈಟಿಯಲ್ಲಿ ಮಕ್ಕಳು ಅವರವರ ಪಟಾಕಿ ಅವರವರೇ ಹಚ್ಚಿಕೊಳ್ಳುತ್ತಿದ್ದರು. ಮನೆಮನೆಯಿಂದ ವರ್ಗಣಿ ಎತ್ತಿ ಲಕ್ಷ್ಮೀಪೂಜೆಯ ರಾತ್ರಿ ಎಲ್ಲರೂ ಸೇರಿ ಹಚ್ಚುವ ಪದ್ಧತಿಯನ್ನು ತಂದವನು ನಾನು.

ತಂದದ್ದು ಎಲ್ಲಿಗೆ? ಎ ವಿಂಗ್, ಬಿ ವಿಂಗ್ ಎಂದು ಎದುರುಬದುರು ನಿಂತ ನಾಲ್ಕು ಮಾಳಿಗೆಯ ಎರಡು ಕಟ್ಟಡ. ನಡುವೆ ಕಾರು ನಿಲ್ಲಿಸಿದ ಮೇಲೆ ಉಳಿಯುವ ಒಂದು ಪಟ್ಟಿ ಜಾಗ. ಒಂದೇ ಗೇಟು. ಗೇಟಿನ ಪಕ್ಕ ವಾಚ್‌ಮನ್ ಕೂರುವ ಗೂಡು. ಬಿ ವಿಂಗ್‌ನ ಮೆಟ್ಟಿಲ ಕೆಳಗೆ ಮೀಟರ್ ರೂಮು. ಅದಕ್ಕೊಂದು ಬೀಗವಿತ್ತು, ಕೀಲಿ ನನ್ನ ಬಳಿ ಇತ್ತು. ಹಾಗಾಗಿ ಪಟಾಕಿಯ ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಇಡಿಸಿದೆ. ಎರಡೂ ವಿಂಗ್‌ಗಳ ವಿದ್ಯುತ್ ಮೀಟರುಗಳು ಗೋಡೆಯ ಮೇಲೆ, ಹಳೆಯ ವೈರುಗಳು ಅವುಗಳ ಕೆಳಗೆ, ಅವುಗಳ ಕೆಳಗೆ ನನ್ನ ಪೆಟ್ಟಿಗೆಗಳು. ಮೇಲೆ ಮೂವತ್ತೆರಡು ಮನೆಗಳವರು ಇಳಿದುಬರುವ ಏಕೈಕ ದಾರಿ ಆ ಮೆಟ್ಟಿಲು. ಇದನ್ನು ಬರೆಯುವಾಗ ಈಗ ಕೈ ನಡುಗುತ್ತದೆ. ಆಗ ಆ ಕೋಣೆಗೆ ಬೀಗ ಹಾಕಿ ನೆಮ್ಮದಿಯಿಂದ ಮಲಗಿದ್ದೆ.

ಧನತ್ರಯೋದಶಿಯ ಸಂಜೆ ಬಿ ವಿಂಗ್‌ನ ಒಂದನೇ ಮಾಳಿಗೆಯವರೊಬ್ಬರು ನಮ್ಮ ಮನೆಗೆ ಬಂದರು. ಅವರ ತಾಯಿಯನ್ನು ಕಟ್ಟಡಕ್ಕೆ ಕಟ್ಟಡವೇ ಆಜಿ ಎಂದು ಕರೆಯುತ್ತಿತ್ತು. ಆಜಿಗೆ ದಮ್ಮಿನ ಕಾಯಿಲೆ. ಅವರು ದೂರಲು ಬಂದವರಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಹೊರಡುವ ಹೊತ್ತಿಗೆ ಹೇಳಿದರು:

"ಸೆಕ್ರೆಟರಿ ಸಾಹೇಬ್, ಮಕ್ಕಳು ಸಣ್ಣಪುಟ್ಟದ್ದು ಹಚ್ಚಲಿ. ಆ ದೊಡ್ಡ ಲಡಿ ಮಾತ್ರ ಹೊರಗಿನ ಮೈದಾನದಲ್ಲಿ ಹಚ್ಚಿಸಿ. ಹೋದ ವರ್ಷ ಆಯಿಗೆ ಎರಡು ರಾತ್ರಿ ನಿದ್ದೆಯಿಲ್ಲ."

"ವರ್ಷಕ್ಕೊಂದು ದಿನ, ಭಾವೂ," ಎಂದೆ. "ಕಿಟಕಿ ಮುಚ್ಚಿಕೊಳ್ಳಿ. ಸ್ವಲ್ಪ ಸುಧಾರಿಸಿಕೊಳ್ಳಬೇಕು."

ಅವರು ಆಯಿತು ಎಂಬಂತೆ ತಲೆಯಾಡಿಸಿ ಹೋದರು. ಜಗಳ ಮಾಡಿದ್ದರೆ ನಾನು ಯೋಚಿಸುತ್ತಿದ್ದೆನೋ ಏನೋ. ಮರ್ಯಾದಸ್ತರ ಮಾತನ್ನು ತಳ್ಳಿಹಾಕುವುದು ಬಹಳ ಸುಲಭ.

ಲಕ್ಷ್ಮೀಪೂಜೆಯ ರಾತ್ರಿ ಅಂಗಡಿಯವರೆಲ್ಲ ಪೂಜೆ ಮುಗಿಸಿ ಬರುವುದಕ್ಕೇ ತಡ. ಮಕ್ಕಳ ಹೂಕುಂಡ, ರಾಕೆಟ್ಟು, ಸುತಳಿ ಬಾಂಬುಗಳೆಲ್ಲ ಮುಗಿಯುವಾಗ ಹತ್ತೂವರೆ ದಾಟಿತ್ತು. ನಾನು ಸಹಿ ಮಾಡಿದ ನೋಟಿಸು ಅಲ್ಲೇ ಎರಡು ಮಾರು ದೂರದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕಾಣುತ್ತಿತ್ತು. ಲಡಿಯ ಸುರುಳಿ ಬಿಚ್ಚಿ ಗೇಟಿನಿಂದ ಬಿ ವಿಂಗ್‌ನ ಮೆಟ್ಟಿಲವರೆಗೆ ಹಾಸಿದೆವು. ಅಷ್ಟು ಉದ್ದಕ್ಕೆ ಬೇರೆ ಜಾಗವಿರಲಿಲ್ಲ. ಊದಿನಕಡ್ಡಿ ಮುಟ್ಟಿಸಿದವನು ಒಬ್ಬ ಕಾಲೇಜು ಹುಡುಗ. ಮುಟ್ಟಿಸು ಎಂದು ಕೈ ಮಾಡಿದವನು ನಾನು.

ಹೊತ್ತಿಕೊಂಡ ಲಡಿಯನ್ನು ನಡುವೆ ನಿಲ್ಲಿಸುವ ಉಪಾಯ ಯಾರಿಗೂ ಗೊತ್ತಿಲ್ಲ. ಕೆಲವು ಕ್ಷಣದಲ್ಲೇ ಎದುರಿನ ಕಟ್ಟಡ ಹೊಗೆಯಲ್ಲಿ ಮಾಯವಾಯಿತು. ಗೋಡೆಯಿಂದ ಗೋಡೆಗೆ ಬಡಿಯುವ ಸದ್ದು ಎದೆಯೊಳಗೆ ತಾಗುತ್ತಿತ್ತು. ನಾವೆಲ್ಲ ಎ ವಿಂಗ್‌ನ ಕೆಳಗೆ ಚಪ್ಪಾಳೆ ತಟ್ಟುತ್ತಾ ನಿಂತಿದ್ದೆವು. ಅದೇ ಹೊತ್ತಿಗೆ ಬಿ ವಿಂಗ್‌ನ ಮೆಟ್ಟಿಲ ಬಾಯಲ್ಲಿ ಆಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ಮಗ, ಸೊಸೆ ನಿಂತಿದ್ದರು. ಸಂಜೆಯಿಂದ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿದ್ದರಂತೆ. ಆದರೂ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದ ಹೊಗೆ ನುಗ್ಗಿ ಆಜಿಗೆ ಉಸಿರು ಸಿಕ್ಕಿಕೊಂಡಿತ್ತು. ಫೋನು ಮಾಡಿ ಕರೆಸಿದ ರಿಕ್ಷಾ ಗೇಟಿನ ಹೊರಗೆ ನಿಂತಿತ್ತು. ನಡುವೆ ಲಡಿ. ಮಗ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗುತ್ತಿದ್ದರು. ಕೂಗಿದರು ಎಂಬುದು ನನಗೆ ಗೊತ್ತಾದದ್ದು ಮರುದಿನ. ಮೂವತ್ತು ಅಡಿ ದೂರದಲ್ಲಿ ನಿಂತಿದ್ದ ನನ್ನ ಕಿವಿಗೆ ಒಂದಕ್ಷರವೂ ಬಿದ್ದಿರಲಿಲ್ಲ.

ಹೊಗೆ ತಿಳಿಯಾದಾಗ ಮೊದಲು ಕಂಡದ್ದು ಆ ಕುರ್ಚಿ. ಆಜಿ ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದು ಮುಂದಕ್ಕೆ ಬಾಗಿದ್ದರು. ಬಾಯಿ ತೆರೆದಿತ್ತು. ಕುತ್ತಿಗೆಯ ಹಳ್ಳ ಪ್ರತಿ ಉಸಿರಿಗೂ ಒಳಕ್ಕೆ ಜಗ್ಗುತ್ತಿತ್ತು. ಹುಡುಗರೇ ಓಡಿಹೋಗಿ ಕುರ್ಚಿಯ ಸಮೇತ ಎತ್ತಿ, ಇನ್ನೂ ಅಲ್ಲಲ್ಲಿ ಚಟಪಟ ಸಿಡಿಯುತ್ತಿದ್ದ ಕಾಗದದ ರಾಶಿಯ ಮೇಲೆ ಕಾಲಿಟ್ಟು ರಿಕ್ಷಾಕ್ಕೆ ಮುಟ್ಟಿಸಿದರು.

ಆಜಿ ಬದುಕಿದರು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮರುದಿನ ನಾನು ಆಸ್ಪತ್ರೆಗೆ ಹೋದಾಗ ಮಗ ನನ್ನನ್ನು ಬೈಯಲಿಲ್ಲ. "ನಾನು ಕೂಗಿದ್ದು ನಿಮಗೆ ಕೇಳಲಿಲ್ಲವೇ?" ಎಂದಷ್ಟೇ ಕೇಳಿದರು. ನಿಜವಾಗಿಯೂ ಕೇಳಲಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ. ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೆ ಅವರು ತಾಯಿಯನ್ನು ಸಾತಾರಾ ಕಡೆಯ ಊರಿಗೆ ಕರೆದುಕೊಂಡು ಹೋಗತೊಡಗಿದರು. ಎಲ್ಲರೂ ಮನೆಗೆ ಬರುವ ಹಬ್ಬದಲ್ಲಿ ಒಂದು ಕುಟುಂಬ ಮನೆ ಬಿಟ್ಟು ಹೋಗಬೇಕಾಯಿತು.

ನೋಟಿಸಿಗೆ ಸಹಿ ಹಾಕಿದ್ದರೂ ಅದರ ಹಿಂದಿನ ತೀರ್ಪನ್ನು ನಾನು ಓದಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಪಟಾಕಿ ಕೂಡದು ಎಂದು ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಹೇಳಿದ ತೀರ್ಪು ಅದು. ಮುಖ್ಯ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ, ನ್ಯಾಯಮೂರ್ತಿ ಅಶೋಕ್ ಭಾನ್ ಅವರ ಪೀಠ. ಆ ಪ್ರಕರಣ ಶುರುವಾದದ್ದು ಅನಿಲ್ ಮಿತ್ತಲ್ ಎಂಬ ಎಂಜಿನಿಯರ್ ಹಾಕಿದ ಅರ್ಜಿಯಿಂದ. ಅರ್ಜಿಗೆ ಕಾರಣ 1998ರ ಜನವರಿಯ ಒಂದು ಪತ್ರಿಕಾ ವರದಿ. 13 ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾದಾಗ ನೆರೆಯಲ್ಲಿ ಲೌಡ್‌ಸ್ಪೀಕರಿನ ಹಾಡು ಮೊಳಗುತ್ತಿತ್ತು. ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ. ಅದೇ ಸಂಜೆ ಆ ಮಗು ಬೆಂಕಿ ಹಚ್ಚಿಕೊಂಡು ತೀರಿಹೋಯಿತು. ಆ ಪುಟ ಓದಿ ನಾನು ತುಂಬ ಹೊತ್ತು ಹಾಗೇ ಕೂತಿದ್ದೆ. ಸದ್ದೆಂದರೆ ಕಿವಿಗೆ ಕಿರಿಕಿರಿ, ನಿದ್ದೆಗೆಡುಕು, ಅಷ್ಟೇ ಎಂದು ತಿಳಿದಿದ್ದೆ. ಪಕ್ಕದವನು ಕಷ್ಟದಲ್ಲಿ ಕೂಗಿದರೆ ಕೇಳಿಸದಂತೆ ಮಾಡುವುದೇ ಅದರ ದೊಡ್ಡ ಅಪಾಯ. ನೆರೆಹೊರೆ ಎಂಬುದು ನಿಂತಿರುವುದೇ ಕೂಗಿದರೆ ಯಾರಾದರೂ ಬಂದಾರು ಎಂಬ ಭರವಸೆಯ ಮೇಲೆ. ಆ ರಾತ್ರಿ ಅದನ್ನು ಕಿತ್ತುಹಾಕಿದವನು ನಾನು.

ಲೆಕ್ಕವನ್ನೂ ಆಗಲೇ ತಿಳಿದುಕೊಂಡೆ. 1999ರ ಸರಕಾರಿ ನಿಯಮದ ಪ್ರಕಾರ ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದಿನ ಗರಿಷ್ಠ ಏಟು 145 ಡೆಸಿಬಲ್ ದಾಟಬಾರದು. ದಾಟಿದ್ದನ್ನು ತಯಾರಿಸುವುದೂ ಮಾರುವುದೂ ಅಪರಾಧ. ಅಂದರೆ ಅಷ್ಟು ಸದ್ದು ಕಾನೂನಿನ ಒಳಗೇ ಬರುತ್ತದೆ. ಇಂಥ ಒಂದೇ ಏಟಿನ ಸದ್ದು ದೊಡ್ಡವರ ಕಿವಿಗೆ 140, ಮಕ್ಕಳ ಕಿವಿಗೆ 120 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಆ ಪ್ರಕಾರ 145 ಇಳಿದು 120ಕ್ಕೆ ಬರಬೇಕಾದರೆ ಮಗು ಸುಮಾರು 70 ಮೀಟರ್ ಆಚೆ ನಿಂತಿರಬೇಕು, ಅದೂ ಸುತ್ತ ಗೋಡೆಗಳಿಲ್ಲದ ಬಯಲಿನಲ್ಲಿ. ದೇವರಮಾರು ಗದ್ದೆಯಲ್ಲಿ ಆ ದೂರವಿತ್ತು. ನಮ್ಮ ಎರಡು ವಿಂಗ್‌ಗಳ ನಡುವೆ ಅದರ ಕಾಲು ಭಾಗವೂ ಇಲ್ಲ. ಗೋಡೆಗಳು ಸದ್ದನ್ನು ಹೊರಗೆ ಬಿಡದೆ ತಿರುಗಿ ನಮ್ಮ ಮೇಲೆಯೇ ಎಸೆಯುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದಿಗೆ ನಿಯಮ ಹೇಳುವ ಮಿತಿ 45 ಡೆಸಿಬಲ್. ಎರಡು ಅಂಕಿಗಳನ್ನೂ ಒಂದೇ ಸರಕಾರ ಬರೆದಿದೆ. ಎರಡನ್ನೂ ಒಂದೇ ಕಾಂಪೌಂಡಿನಲ್ಲಿ ಪಾಲಿಸಲು ಸಾಧ್ಯವಿಲ್ಲ.

ಇಷ್ಟು ತಿಳಿದ ಮೇಲೆ ನಾನು ಸರಿಹೋದೆ ಎಂದುಕೊಂಡೆ. ಮರುವರ್ಷ ಮಾಡಿದ್ದು ಇನ್ನೊಂದು ತಪ್ಪು. ವಾರ್ಷಿಕ ಸಭೆಯಲ್ಲಿ ಎದ್ದುನಿಂತು ತೀರ್ಪಿನ ಪ್ರತಿ ಹಿಡಿದು ಭಾಷಣ ಮಾಡಿದೆ. ಕಳೆದ ವರ್ಷದವರೆಗೆ ತಾನೇ ಹಚ್ಚಿಸುತ್ತಿದ್ದವನು ಈಗ ಉಪದೇಶಕ್ಕೆ ನಿಂತಿದ್ದಾನೆ ಎಂದು ಯಾರೋ ಹಿಂದಿನಿಂದ ಹೇಳಿದರು. ನಮ್ಮ ಹಬ್ಬ ಬಂದಾಗ ಮಾತ್ರ ಕಾನೂನು ನೆನಪಾಗುತ್ತದೆ ಎಂದು ಮತ್ತೊಬ್ಬರು. ನನ್ನ ಠರಾವು ಬಿದ್ದುಹೋಯಿತು. ಬಿದ್ದದ್ದರ ಸಿಟ್ಟಿಗೆ ಹಬ್ಬದ ರಾತ್ರಿ ಹತ್ತು ಹೊಡೆದ ತಕ್ಷಣ ಪೊಲೀಸರಿಗೆ ಫೋನು ಮಾಡಿದೆ. ಬಂದವರು ಗೇಟಿನಲ್ಲೇ ನಿಂತು, ದೂರು ಕೊಟ್ಟವರು ಇಂಥ ನಂಬರಿನ ಫ್ಲ್ಯಾಟಿನವರು ಎಂದು ಎಲ್ಲರೆದುರೇ ಹೇಳಿ ಹೋದರು. ಮರುದಿನ ನಸುಕಿಗೆ, ನರಕ ಚತುರ್ದಶಿಯ ಸ್ನಾನಕ್ಕೂ ಮೊದಲೇ ಇಲ್ಲಿ ಪಟಾಕಿ ಹಚ್ಚುವ ಹುರುಪಿರುತ್ತದಲ್ಲ, ಆಗ ನಮ್ಮ ಬಾಗಿಲ ಹೊರಗೆ ತಗಡಿನ ಡಬ್ಬದೊಳಗೆ ಸುತಳಿ ಬಾಂಬು ಸಿಡಿಯಿತು. ಡಬ್ಬದ ಚೂರು ಚಿಮ್ಮಿ ಬಾಗಿಲಿನ ಮರದೊಳಗೆ ನೆಟ್ಟುಕೊಂಡಿತು. ಯಾರ ಕಣ್ಣಿಗಾದರೂ ತಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯ ವೈದ್ಯರು ಹೇಳಬಲ್ಲರು. ಪ್ರತಿ ದೀಪಾವಳಿಗೆ ಅಲ್ಲಿ ಪಟಾಕಿ ಗಾಯಾಳುಗಳಿಗಾಗಿಯೇ ಪ್ರತ್ಯೇಕ ವ್ಯವಸ್ಥೆ ಮಾಡಿಟ್ಟಿರುತ್ತಾರೆ. ಗಾಯಗೊಂಡು ಬರುವವರಲ್ಲಿ ಎಷ್ಟೋ ಮಂದಿ ಹಚ್ಚಿದವರಲ್ಲ, ದಾರಿಯಲ್ಲಿ ಹೋಗುತ್ತಿದ್ದವರು, ನಿಂತು ನೋಡುತ್ತಿದ್ದವರು.

ನಮ್ಮ ಹಬ್ಬಕ್ಕೆ ಮಾತ್ರ ಏಕೆ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಈ ನಗರದಲ್ಲಿ ಮದುವೆಯ ಮೆರವಣಿಗೆಗೆ, ಚುನಾವಣೆ ಗೆದ್ದದ್ದಕ್ಕೆ, ಕ್ರಿಕೆಟ್ ಗೆದ್ದದ್ದಕ್ಕೆ, ಗಣಪತಿಯ ಆಗಮನಕ್ಕೆ, ವಿಸರ್ಜನೆಗೆ, ಡಿಸೆಂಬರ್ 31ರ ರಾತ್ರಿಗೆ ಎಲ್ಲದಕ್ಕೂ ಲಡಿಯೇ. ಎಲ್ಲವೂ ತಪ್ಪೇ. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಎರಡು ಗಂಟೆ ಕೊಟ್ಟಿತು. ಕ್ರಿಸ್ಮಸ್ ಮತ್ತು ಹೊಸ ವರ್ಷಕ್ಕೆ ಕೊಟ್ಟದ್ದು ರಾತ್ರಿ 11.55ರಿಂದ 12.30ರವರೆಗೆ, ಬರೀ 35 ನಿಮಿಷ. ಸರ ಪಟಾಕಿಯನ್ನು ಪೂರ್ತಿ ನಿಷೇಧಿಸಿದ್ದೂ, ಬೇರಿಯಂ ಲವಣ ಬಳಸಬಾರದೆಂದದ್ದೂ ಅದೇ ತೀರ್ಪು. ಆದರೆ ಈ ಉತ್ತರ ನನ್ನ ಬಳಿ 2012ರಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿದ್ದ ಧಾಟಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಮಾತೇ ಆಡದೆ ಪೊಲೀಸರನ್ನು ಕರೆದವನ ಮೇಲೆ ನೆರೆಯವರಿಗೆ ವಿಶ್ವಾಸ ಹೇಗೆ ಬಂದೀತು?

ದಾರಿ ತೋರಿಸಿದ್ದು ನನ್ನ ಹೆಂಡತಿ. ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಮನೆಗೆ ಬಂದ ಹೆಂಗಸರ ಹತ್ತಿರ ಅವಳು ಪಟಾಕಿಯ ಮಾತೇ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಪಂಪ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿದಳು. ಇಲ್ಲಿ ಇನ್‌ಹೇಲರಿಗೆ ಪಂಪ್ ಎನ್ನುವುದು ರೂಢಿ. ಒಬ್ಬೊಬ್ಬರಾಗಿ ಹೇಳತೊಡಗಿದರು. ಮೂರನೇ ಮಾಳಿಗೆಯ ಮಗು, ಎ ವಿಂಗ್‌ನ ಶಿಕ್ಷಕಿ, ನನ್ನ ಠರಾವಿಗೆ ಎದುರಾಗಿ ಕೈಯೆತ್ತಿದವರ ಸ್ವಂತ ಅಪ್ಪ. ಹೃದಯದ ಶಸ್ತ್ರಚಿಕಿತ್ಸೆ ಆದವರೊಬ್ಬರು ಆ ನಾಲ್ಕು ದಿನ ಮಗಳ ಮನೆಗೆ ಹೋಗುತ್ತಿದ್ದರು. ಬಾಣಂತಿಯೊಬ್ಬಳು ಹಸುಳೆಯ ಕಿವಿಗೆ ಹತ್ತಿ ಇಟ್ಟು ಬಚ್ಚಲುಮನೆಯಲ್ಲಿ ಕೂತದ್ದಿತ್ತು, ಅಲ್ಲಿ ಮಾತ್ರ ಸದ್ದು ಕಡಿಮೆ ಎಂದು. ಇವರಲ್ಲಿ ಒಬ್ಬರೂ ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಬ್ಬಕ್ಕೆ ಅಡ್ಡ ಬಂದವರು ಎನಿಸಿಕೊಳ್ಳುವ ಹೆದರಿಕೆ. ಕಾರ್ಯದರ್ಶಿಯಾಗಿ ನಾನು ಮೊದಲು ಮಾಡಬೇಕಿದ್ದ ಕೆಲಸ ಇದು. ಮೆಂಟೆನನ್ಸ್ ಯಾರು ಬಾಕಿ ಇಟ್ಟಿದ್ದಾರೆ ಎಂಬುದು ನನಗೆ ಬಾಯಿಪಾಠವಿತ್ತು. ಯಾರ ಮನೆಯಲ್ಲಿ ಉಸಿರಿನ ತೊಂದರೆ ಇದೆ ಎಂಬುದು ಗೊತ್ತಿರಲಿಲ್ಲ.

ಹುಡುಗರನ್ನು ಒಲಿಸಿಕೊಂಡದ್ದು ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನ ಒಂದು ಅಧ್ಯಯನ. ಅದು ಬಂದದ್ದು 2016ರಲ್ಲಿ. ಪ್ರತಿಯೊಂದು ಪಟಾಕಿ ಎಷ್ಟು ಸೂಕ್ಷ್ಮ ಕಣ ಉಗುಳುತ್ತದೆ ಎಂದು ಅಳೆದಿದ್ದರು. ಎಲ್ಲಕ್ಕಿಂತ ಹೆಚ್ಚು ಉಗುಳಿದ್ದು ಲಡಿಯಲ್ಲ, ಏನೂ ಸದ್ದು ಮಾಡದ ಹಾವಿನ ಗುಳಿಗೆ. ಅದನ್ನು ಹಚ್ಚಿದ ಜಾಗದಲ್ಲಿ ಪಿಎಂ 2.5 ಪ್ರಮಾಣ ಘನ ಮೀಟರಿಗೆ 64,500 ಮೈಕ್ರೊಗ್ರಾಂವರೆಗೆ ಏರಿತು, ಲಡಿಯಲ್ಲಿ 38,540. ನಮ್ಮ ದೇಶದ ಗಾಳಿಗೆ ದಿನದ ಮಿತಿ 60. ಸುರುಸುರು ಕಡ್ಡಿಯ ಹೊಗೆ ಹೂಕುಂಡದ ಎರಡು ಪಟ್ಟು. ಸದ್ದಿಲ್ಲ, ಪಾಪ, ಸಣ್ಣ ಮಕ್ಕಳಿಗಿರಲಿ ಎಂದು ನಾವು ಕೈಗೆ ಕೊಡುವುದು ಇವೆರಡನ್ನೇ. ಮಗು ಬಗ್ಗಿ ಮುಖವನ್ನು ಹೊಗೆಗೆ ಒಡ್ಡಿಕೊಂಡು ಹಾವು ಏಳುವುದನ್ನು ನೋಡುತ್ತದೆ. ಸುರುಸುರು ಕಡ್ಡಿಯ ತುದಿಯ ಬಿಸಿ 1000 ಡಿಗ್ರಿಯ ಹತ್ತಿರ ಇರುತ್ತದೆ, ಫ್ರಾಕಿನ ನೈಲಾನ್ ಹೊತ್ತಿಕೊಳ್ಳಲು ಅದು ತಾಗಿದರೆ ಸಾಕು. ಈ ಅಂಕಿಗಳನ್ನು ಹುಡುಗರೇ ಓದಿ ಮನೆಮನೆಗೆ ಹೇಳಿದರು. ನಾನು ಹೇಳಲಿಲ್ಲ. ಅಷ್ಟು ಹೊತ್ತಿಗೆ ಬುದ್ಧಿ ಬಂದಿತ್ತು.

ಮೊದಲು ನಿಂತದ್ದು ವರ್ಗಣಿ. ಆಮೇಲೆ ಲಡಿ. ಆಮೇಲೆ ಕಾಂಪೌಂಡಿನೊಳಗೆ ಹಚ್ಚುವುದೇ ನಿಂತು, ಬೇಕಾದವರು ಎಂಟು ಗಂಟೆಗೆ ಹೊರಗಿನ ಮೈದಾನಕ್ಕೆ ಹೋಗುವುದು ರೂಢಿಯಾಯಿತು. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಅಲ್ಲಿಗೆ ಹೋಗುತ್ತದೆ. ಗೇಟಿನ ಮುಂದೆ ಆ ನಾಲ್ಕು ದಿನ ಒಂದು ಸ್ಕೂಟರೂ ನಿಲ್ಲುವಂತಿಲ್ಲ. ಪಟಾಕಿ ಇಲ್ಲವೇ ಇಲ್ಲ ಎಂಬ ಸ್ಥಿತಿಗೆ ನಾವು ಬಂದಿಲ್ಲ, ಸುಳ್ಳು ಹೇಳಲಾರೆ. ಹಸಿರು ಪಟಾಕಿ ಎಂದು ಕೆಲವರು ತರುತ್ತಾರೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಆ ಸೂತ್ರದಿಂದ ಹೊಗೆಯ ಕಣ ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಉಳಿದ 70 ಉಳಿದೇ ಇರುತ್ತದೆ. ಆಜಿಯಂಥವರಿಗೆ ಆ ಲೆಕ್ಕದಿಂದ ಹೆಚ್ಚೇನೂ ಸಮಾಧಾನವಿಲ್ಲ.

ಮುಂಬಯಿಗೆ ಕಡಲ ಗಾಳಿ ಇದೆ, ದೆಹಲಿಯ ಪಾಡು ನಮಗೆ ಬರುವುದಿಲ್ಲ ಎಂದು ನಾವೆಲ್ಲ ಬಹಳ ಕಾಲ ನಂಬಿದ್ದೆವು. ಆದರೆ ಮಳೆಗಾಲ ಹಿಂದೆ ಸರಿದ ಮೇಲೆ ಗಾಳಿ ಸೋಲುತ್ತದೆ, ರಾತ್ರಿ ತಂಪಾದ ಗಾಳಿ ಹೊಗೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ದೀಪಾವಳಿ ಬರುವುದು ಸರಿಯಾಗಿ ಆಗಲೇ. 2023ರಲ್ಲಿ ನಗರದ ಗಾಳಿ ಎಷ್ಟು ಕೆಟ್ಟಿತೆಂದರೆ ಬಾಂಬೆ ಹೈಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ನವೆಂಬರ್ 6ರಂದು ಸಂಜೆ 7ರಿಂದ 10 ಎಂದು ವೇಳೆ ಗೊತ್ತುಮಾಡಿ, ನಾಲ್ಕು ದಿನದಲ್ಲಿ ಅದನ್ನೂ ಮೊಟಕುಗೊಳಿಸಿ 8ರಿಂದ 10 ಎಂದಿತು. ಆವಾಜ್ ಫೌಂಡೇಶನ್ನಿನ ಸುಮೈರಾ ಅಬ್ದುಲಾಲಿಯವರು ವರ್ಷಗಳಿಂದ ಮಾಪಕ ಹಿಡಿದು ದೀಪಾವಳಿಯ ರಾತ್ರಿ ನಗರ ಸುತ್ತುತ್ತಾರೆ, ಹಬ್ಬಕ್ಕೆ ಮೊದಲೇ ಪಟಾಕಿಗಳ ಸದ್ದನ್ನು ಅಳೆದು ಪ್ರಕಟಿಸುತ್ತಾರೆ. ಅಂಥವರ ಹಟದಿಂದ ಇಷ್ಟಾದರೂ ಆಗಿದೆ. ದೂರು ಕೊಟ್ಟವರ ಗುರುತು ಬಿಟ್ಟುಕೊಡಬಾರದು ಎಂದು ಹೈಕೋರ್ಟು 2025ರ ಜನವರಿಯಲ್ಲಿ ಕುರ್ಲಾ ಕಡೆಯ ಲೌಡ್‌ಸ್ಪೀಕರ್ ಪ್ರಕರಣದಲ್ಲಿ ಪೊಲೀಸರಿಗೆ ಹೇಳಿತು. ಅದನ್ನು ಓದುವಾಗ ಬಾಗಿಲಿಗೆ ನೆಟ್ಟ ತಗಡಿನ ಚೂರು ನೆನಪಾಯಿತು.

ಈಗಿನ ತೊಂದರೆ ಮೇಲಿನಿಂದ ಬರುತ್ತದೆ. ಭಾಂಡುಪು, ಮುಲುಂಡಿನಲ್ಲಿ ಹಳೆಯ ಗಿರಣಿ, ಕಾರ್ಖಾನೆ, ಚಾಳುಗಳ ಜಾಗದಲ್ಲೆಲ್ಲ ಗೋಪುರಗಳು ಎದ್ದಿವೆ. ನೆಲದಲ್ಲಿಟ್ಟು ಹಚ್ಚುವ ಸ್ಕೈಶಾಟ್ ಆಕಾಶದಲ್ಲಿ ಒಡೆಯಬೇಕೆಂದು ಮಾಡಿದ್ದು. ಈ ಗಲ್ಲಿಗಳಲ್ಲಿ ಅದು ಒಡೆಯುವುದು ಯಾರದೋ ಹನ್ನೆರಡನೇ ಮಾಳಿಗೆಯ ಬಾಲ್ಕನಿಯ ನೇರಕ್ಕೆ. ಅಲ್ಲಿ ಒಣಹಾಕಿದ ಬಟ್ಟೆ, ಎಸಿಯ ಯಂತ್ರ, ಹಳೆಯ ರಟ್ಟಿನ ಪೆಟ್ಟಿಗೆ ಇರುತ್ತವೆ. ಮನೆಯವರು ಊರಿಗೆ ಹೋಗಿ ಬೀಗ ಹಾಕಿದ್ದರೆ ಕಿಡಿ ಬಿದ್ದದ್ದು ಗೊತ್ತಾಗುವುದು ಜ್ವಾಲೆ ಎದ್ದ ಮೇಲೆಯೇ.

ಮೀಟರ್ ರೂಮಿನ ಮಾತು ನಾನು ಹೊರಗೆ ಯಾರಿಗೂ ಹೇಳಿರಲಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14 ಮಂದಿ ಅಂದೇ ಸತ್ತರು, ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು. ಹೆಚ್ಚಿನವರು ದೀಪಾವಳಿಯ ಮುಂಚಿನ ದಿನಗಳಲ್ಲಿ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದ ಹುಡುಗರು. ಮರುವರ್ಷ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನದಲ್ಲಿ ಸಿಡಿಮದ್ದಿನ ಕಿಡಿ ಪಕ್ಕದಲ್ಲೇ ಕೂಡಿಟ್ಟ ದಾಸ್ತಾನಿಗೆ ಬಿದ್ದು 150ಕ್ಕೂ ಹೆಚ್ಚು ಜನ ಸುಟ್ಟ ಗಾಯಕ್ಕೆ ತುತ್ತಾದರು, ಕೆಲವರು ಉಳಿಯಲಿಲ್ಲ. ಎರಡೂ ಕಡೆ ಆದದ್ದು ಒಂದೇ: ಇಡಬಾರದ ಜಾಗದಲ್ಲಿ ಇಟ್ಟದ್ದು. ನೀಲೇಶ್ವರದ ಸುದ್ದಿ ಬಂದ ದಿನ ನಾನು ಕಮಿಟಿಯವರನ್ನು ಕರೆದು ಮೆಟ್ಟಿಲ ಕೆಳಗಿನ ಆ ಕೋಣೆ ತೋರಿಸಿ, 2011ರಲ್ಲಿ ಇಲ್ಲಿ ಏನಿಟ್ಟಿದ್ದೆ ಎಂದು ಹೇಳಿದೆ. ಅಗ್ನಿ ಸುರಕ್ಷತೆಯ ಫಾರ್ಮ್ ಬಿ ಜನವರಿ, ಜುಲೈಗೆ ತಪ್ಪದೆ ಕೊಡುತ್ತಿದ್ದ ಸೊಸೈಟಿ ನಮ್ಮದು. ಕಾಗದದಲ್ಲಿ ನಾವು ಯಾವತ್ತೂ ಸುರಕ್ಷಿತರೇ.

ಮುಂಬಯಿಯಲ್ಲಿ ಸೊಸೈಟಿಗಳ ಕಮಿಟಿಯಲ್ಲಿ ನಮ್ಮ ಕನ್ನಡದವರು, ತುಳುವರು ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿ. ಸೆಪ್ಟೆಂಬರ್ 30ರೊಳಗೆ ನಿಮ್ಮ ವಾರ್ಷಿಕ ಸಭೆ ನಡೆಯಲೇಬೇಕು, ಅದು ದೀಪಾವಳಿಗೆ ಮೊದಲೇ ಬರುತ್ತದೆ. ಸಭೆಗೂ ಮೊದಲು ಮನೆಮನೆಗೆ ಹೋಗಿ ಉಸಿರಿನ ರೋಗಿ, ಹೃದ್ರೋಗಿ, ಹಸುಗೂಸು, ಬಾಣಂತಿ ಯಾರ ಮನೆಯಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಕೇಳುವ ಕೆಲಸ ವಾಚ್‌ಮನ್‌ಗೆ ಬಿಡಬೇಡಿ, ನೀವೇ ಹೋಗಿ. ಸೊಸೈಟಿಯ ಹಣದಿಂದ ಒಂದು ರೂಪಾಯಿಯ ಪಟಾಕಿಯೂ ಬೇಡ. ಮೀಟರ್ ರೂಮಿನ ಬೀಗ ತೆಗೆದು ಒಳಗೆ ಏನಿದೆ ಎಂದು ಈ ವಾರವೇ ನೋಡಿ. ಹಬ್ಬದ ನಾಲ್ಕೂ ರಾತ್ರಿ ಗೇಟಿನಿಂದ ಕೊನೆಯ ಮೆಟ್ಟಿಲವರೆಗಿನ ದಾರಿ ಖಾಲಿ ಇರಲಿ.